ಸುಣ್ಣ, ಸಿಮೆಂಟು, ಲೆ ಶಾಟೆಲಿಯೆ

ಸಿಮೆಂಟ್ ಪರೀಕ್ಷಿಸುವ ಲ್ಯಾಬಿನ ಕಪಾಟಿನಲ್ಲಿ ಒಂದು ಪುಟ್ಟ ಹಿತ್ತಾಳೆ ಅಚ್ಚು ಇರುತ್ತದೆ. 30 ಮಿಲಿಮೀಟರ್ ಒಳವ್ಯಾಸ, 30 ಮಿಲಿಮೀಟರ್ ಎತ್ತರದ ಸಿಲಿಂಡರು. ಒಂದು ಬದಿಗೆ ಮೇಲಿಂದ ಕೆಳಗಿನವರೆಗೆ ಸೀಳು, ಸೀಳಿನ ಎರಡೂ ಅಂಚಿಗೆ ಬೆಸೆದ ಉದ್ದನೆಯ ಕಡ್ಡಿಗಳು. ಸಿವಿಲ್ ಓದಿದವರು ಇದಕ್ಕೆ ಲೆ ಶಾಟೆಲಿಯೆ ಮೋಲ್ಡ್ ಎನ್ನುತ್ತಾರೆ. ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಲೆ ಶಾಟೆಲಿಯೆ ತತ್ವ ಬರುತ್ತದೆ. ಎರಡೂ ಒಬ್ಬರದೇ ಹೆಸರು. ಇದು ಈ ಕಡೆಯವರಿಗೂ ಗೊತ್ತಿರುವುದಿಲ್ಲ, ಆ ಕಡೆಯವರಿಗೂ ಗೊತ್ತಿರುವುದಿಲ್ಲ. ಬಾಗಲಕೋಟೆಯಂಥ ಸುಣ್ಣಕಲ್ಲಿನ ಜಿಲ್ಲೆಯಲ್ಲಿ ಓದುವ, ಕಲಿಸುವ ಮಂದಿಗೆ ಇದು ಗೊತ್ತಿರಬೇಕು. ಆ ತತ್ವ ಬೆಳೆದದ್ದೇ ಭಟ್ಟಿ, ಸುಣ್ಣ, ಕಬ್ಬಿಣದ ಕೆಲಸದ ನಡುವೆ. ಸುಣ್ಣದಿಂದಲೇ ಶುರುಮಾಡಿ ಕಲಿತರೆ ಅದು ಏನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದು ತಿಳಿಯಾಗುತ್ತದೆ.

ಆಂರಿ ಲೂಯಿ ಲೆ ಶಾಟೆಲಿಯೆ ಹುಟ್ಟಿದ್ದು ಪ್ಯಾರಿಸಿನಲ್ಲಿ, 1850ರ ಅಕ್ಟೋಬರ್ 8ರಂದು. ತಂದೆ ಇಂಜಿನಿಯರ್, ಫ್ರಾನ್ಸಿನ ಅಲ್ಯೂಮಿನಿಯಂ ಮತ್ತು ಉಕ್ಕಿನ ಉದ್ಯಮ ಬೆಳೆದದ್ದರಲ್ಲಿ ಅವರ ಪಾಲಿದೆ. ಮಗ 1869ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿ, ಆಮೇಲೆ ಪ್ಯಾರಿಸಿನ ಗಣಿ ಶಾಲೆಯಲ್ಲಿ ಓದಿ, 1877ರಲ್ಲಿ ಅದೇ ಗಣಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಲು ನಿಂತರು. ಸಮತೋಲನ ಎಂದರೆ ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿ; ಅದರ ತತ್ವವನ್ನು ಮೊದಲು ಬರೆದದ್ದು 1884ರಲ್ಲಿ, ಸರಳ ಮಾಡಿ ಮತ್ತೆ ಬರೆದದ್ದು 1888ರಲ್ಲಿ. ಉಷ್ಣತೆಯ ಮಟ್ಟಿಗೆ ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ 1884ರಲ್ಲೇ ಹೇಳಿದ್ದ ಮಾತನ್ನು ಇವರು ಒತ್ತಡಕ್ಕೂ ಸಾರತೆಗೂ (ಪದಾರ್ಥ ಎಷ್ಟು ದಟ್ಟವಾಗಿ ಬೆರೆತಿದೆ ಎಂಬುದಕ್ಕೂ) ಹರಡಿದರು. ಈ ಎರಡು ಬರಹಗಳ ನಡುವೆ, 1887ರಲ್ಲಿ, ಅವರ ಡಾಕ್ಟರೇಟ್ ಪ್ರಬಂಧ ಬಂತು. ಅದರ ವಿಷಯ ನೀರಿನಲ್ಲಿ ಗಟ್ಟಿಯಾಗುವ ಗಾರೆಗಳ ರಚನೆ, ಅಂದರೆ ಸಿಮೆಂಟು. ಸುಣ್ಣದ ಕಲ್ಲು ಕಾದು ಒಡೆಯುವಾಗ ಏಳುವ ಅನಿಲದ ಒತ್ತಡವನ್ನೂ ಅವರು ಅದೇ ಕಾಲಕ್ಕೆ ಅಳೆದಿದ್ದರು.

ಅಷ್ಟು ಶಾಖ ಅಳೆಯುವ ಸಾಧನವನ್ನೂ ಅವರೇ ಸರಿಪಡಿಸಿಕೊಳ್ಳಬೇಕಾಯಿತು. ಒಂದು ಕಡೆ ಶುದ್ಧ ಪ್ಲಾಟಿನಂ ತಂತಿ, ಇನ್ನೊಂದು ಕಡೆ ನೂರಕ್ಕೆ 10 ಭಾಗ ರೋಡಿಯಂ ಬೆರೆತ ಪ್ಲಾಟಿನಂ ತಂತಿ, ತುದಿಗಳನ್ನು ಬೆಸೆದರೆ ಥರ್ಮೋಕಪಲ್ ಆಯಿತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎಸ್-ಟೈಪ್ ಎಂದು ಕರೆಯುವುದು ಇದೇ ಜೋಡಿಯನ್ನು. ವೆಲ್ಡಿಂಗ್ ಅಂಗಡಿಯ ಗ್ಯಾಸ್ ಟಾರ್ಚಿನ ಹಿಂದೆಯೂ ಅವರಿದ್ದಾರೆ: ಆಮ್ಲಜನಕ, ಅಸಿಟಿಲೀನ್ ಸಮಪಾಲು ಬೆರೆಸಿ ಉರಿಸಿದರೆ ಜ್ವಾಲೆ 3000 ಡಿಗ್ರಿ ದಾಟುತ್ತದೆ ಎಂದು 1895ರಲ್ಲಿ ತೋರಿಸಿದವರು ಅವರೇ. 1907ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ತೀರಿಕೊಂಡದ್ದು 1936ರ ಸೆಪ್ಟೆಂಬರ್ 17ರಂದು.

ಈ ತತ್ವದ ಬೆಲೆ ಏನೆಂದು ಮನದಟ್ಟು ಮಾಡಲು ಅವರು ಕೊಡುತ್ತಿದ್ದ ಒಂದು ಉದಾಹರಣೆಯನ್ನು ಎಲ್ಲ ತರಗತಿಗಳಲ್ಲೂ ಹೇಳಬೇಕು. ಕಬ್ಬಿಣದ ಊದುಕುಲುಮೆಯ ಮೇಲ್ಬಾಯಿಂದ, ಅದಿರನ್ನು ಕಬ್ಬಿಣ ಮಾಡಬೇಕಾದ ಕಾರ್ಬನ್ ಮಾನಾಕ್ಸೈಡ್ ಬಹಳಷ್ಟು ಹಾಗೇ ಹೊರಹೋಗುತ್ತಿತ್ತು. ಅದಿರಿನ ಜೊತೆ ಅನಿಲಕ್ಕೆ ಸಾಕಷ್ಟು ಹೊತ್ತು ಸಿಗುತ್ತಿಲ್ಲ ಎಂದುಕೊಂಡ ಇಂಜಿನಿಯರುಗಳು ಕುಲುಮೆಯನ್ನು ಎತ್ತರ ಮಾಡುತ್ತ ಹೋದರು. ಇಂಗ್ಲೆಂಡಿನಲ್ಲಿ 30 ಮೀಟರಿನವರೆಗೂ ಏರಿಸಿದರು. ಹೊರಹೋಗುವ ಅನಿಲದ ಪಾಲು ಮಾತ್ರ ತಗ್ಗಲಿಲ್ಲ. ಕ್ರಿಯೆ ಸಮತೋಲನಕ್ಕೆ ಬಂದು ನಿಂತ ಮೇಲೆ ಎಷ್ಟು ಹೊತ್ತು ಕೂಡಿಸಿಟ್ಟರೂ ಅಷ್ಟೇ. ಲಕ್ಷಗಟ್ಟಲೆ ಫ್ರಾಂಕ್ ಸುರಿದು ಕಲಿತ ಪಾಠವನ್ನು ಲ್ಯಾಬಿನಲ್ಲಿ ನಾಲ್ಕು ದಿನದ ಅಳತೆಯಿಂದ ಕಲಿಯಬಹುದಿತ್ತು.

ಈಗ ತತ್ವ. ಸಮತೋಲನದಲ್ಲಿರುವ ವ್ಯವಸ್ಥೆಯ ಉಷ್ಣತೆ, ಒತ್ತಡ ಅಥವಾ ಯಾವುದಾದರೂ ಪದಾರ್ಥದ ಸಾರತೆಯನ್ನು ಬದಲಿಸಿದರೆ, ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಸಮತೋಲನ ಸರಿಯುತ್ತದೆ. ಬಾಯಿಪಾಠ ಮಾಡಲು ಇಷ್ಟು ಸಾಕು. ಅರ್ಥವಾಗಬೇಕಾದರೆ ಸುಣ್ಣದ ಭಟ್ಟಿಯ ಹತ್ತಿರ ಹೋಗಬೇಕು.

ಕಲಾದಗಿ, ಲೋಕಾಪುರದ ಸುತ್ತಲಿನ ಸುಣ್ಣಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದರೆ ಸುಟ್ಟ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. 100 ಕಿಲೋ ಶುದ್ಧ ಕಲ್ಲಿಗೆ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಇದು ಶಾಖ ಹೀರುವ, ಅಂದರೆ ಅಂತರುಷ್ಣಕ ಕ್ರಿಯೆ. ಒಂದು ಮೋಲ್‌ಗೆ, ಅಂದರೆ 100 ಗ್ರಾಂ ಕಲ್ಲಿಗೆ, ಸುಮಾರು 178 ಕಿಲೋಜೂಲ್ ಬೇಕು. ಕಲ್ಲು, ಸುಣ್ಣ ಎರಡೂ ಘನವಾದ್ದರಿಂದ ಸಮತೋಲನವನ್ನು ತೀರ್ಮಾನಿಸುವುದು ಒಂದೇ ಸಂಗತಿ, ಅನಿಲದ ಒತ್ತಡ. ಆ ಒತ್ತಡ 700 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.03 ವಾಯುಭಾರ (ನಮ್ಮ ಸುತ್ತಲಿನ ಗಾಳಿಯ ಒತ್ತಡ 1 ಎಂದು ಹಿಡಿದು), 800ಕ್ಕೆ ಸುಮಾರು 0.22, 900ರ ಹತ್ತಿರ ಪೂರ್ತಿ 1. ಈ ಮೂರು ಅಂಕಿ ನೆನಪಿದ್ದರೆ ಭಟ್ಟಿಯ ಅರ್ಧ ವಿದ್ಯೆ ಕೈಗೆ ಬಂದಂತೆ.

ಗಾಳಿ ಚೆನ್ನಾಗಿ ಎಳೆಯುವ ಭಟ್ಟಿಯಲ್ಲಿ ಅನಿಲ ಹುಟ್ಟಿದ ಹಾಗೆ ಮೇಲೆ ಹೋಗುತ್ತದೆ. ಕಲ್ಲಿನ ಸುತ್ತ ಅದರ ಪಾಲು ಐದರಲ್ಲಿ ಒಂದು ಇದ್ದರೆ, 800 ಡಿಗ್ರಿ ದಾಟುತ್ತಲೇ ಕಲ್ಲು ಒಡೆಯತೊಡಗುತ್ತದೆ. ಗಾಳಿ ಕಟ್ಟಿದರೆ ಅನಿಲ ಅಲ್ಲೇ ನಿಲ್ಲುತ್ತದೆ, ಆಗ 900 ದಾಟದೆ ಕೆಲಸ ಆಗುವುದಿಲ್ಲ. ಅದಕ್ಕೇ ಕಲ್ಲು ಮತ್ತು ಕಲ್ಲಿದ್ದಲನ್ನು ಪದರ ಪದರವಾಗಿ ಹಾಕುವಾಗ ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು. ಪುಡಿ ಸಂದು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಇದ್ದಲು ಎಷ್ಟು ಸುರಿದರೂ ಕಲ್ಲು ಹಸಿಯಾಗಿಯೇ ಉಳಿಯುತ್ತದೆ. ಕಲ್ಲುಗಳೆಲ್ಲ ಒಂದೇ ಅಳತೆಗೆ, ಮುಷ್ಟಿಯಷ್ಟು, ಇರಬೇಕು. ದಪ್ಪ ಕಲ್ಲಿನ ಹೊಟ್ಟೆಯಲ್ಲಿ ಹುಟ್ಟಿದ ಅನಿಲ ಹೊರಗಿನ ಸುಣ್ಣದ ಪದರ ದಾಟಿ ಬರಬೇಕು. ಒಳಗೆ ಒತ್ತಡ ಏರುತ್ತದೆ. ಹೊರಗಡೆ 850ಕ್ಕೆ ಒಡೆದ ಅದೇ ಕಲ್ಲಿನ ತಿರುಳಿಗೆ 900ಕ್ಕೂ ಹೆಚ್ಚು ಶಾಖ ಬೇಕಾಗುತ್ತದೆ. ತಿರುಳಿಗೆ ಶಾಖ ಮುಟ್ಟುವುದೂ ತಡ. ತಿರುಳು ಬೇಯಲಿ ಎಂದು ಹೆಚ್ಚು ಉರಿಸಿದರೆ ಹೊರಪದರ 1200 ಡಿಗ್ರಿಗೆ ಹೋಗಿ ಸತ್ತ ಸುಣ್ಣವಾಗುತ್ತದೆ, ನೀರು ಹಾಕಿದರೂ ಬೇಗ ಅರಳುವುದಿಲ್ಲ.

ಬೆಂದಿದೆಯೋ ಇಲ್ಲವೋ ನೋಡುವುದು ಸುಲಭ. ಒಣ ಕಲ್ಲು 100 ಕಿಲೋ ಹಾಕಿ ತೂಕ 65 ಕಿಲೋಗೆ ಇಳಿದರೆ, ಹೋಗಬೇಕಾದ 44ರಲ್ಲಿ 35 ಮಾತ್ರ ಹೋಗಿದೆ. ಶುದ್ಧ ಕಲ್ಲಾದರೆ ಐದನೇ ಒಂದು ಭಾಗ ಇನ್ನೂ ಕಲ್ಲೇ. ನೀರು ಹಾಕಿದಾಗ ಅರಳದೆ ಉಳಿದ ಗಂಟಿಗೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಬುರಬುರ ಉಕ್ಕಿದರೆ ಅದು ಅರೆಬೆಂದ ಕಲ್ಲು. ಉಕ್ಕದೆ ಮೆಲ್ಲಗೆ ಕರಗಿದರೆ ಹೆಚ್ಚು ಬೆಂದ ಸುಣ್ಣ. ಮೊದಲನೆಯದಕ್ಕೆ ಗಾಳಿ ಮತ್ತು ಹೊತ್ತು ಕೊಡಬೇಕು, ಎರಡನೆಯದಕ್ಕೆ ಇದ್ದಲು ಕಡಿಮೆ ಮಾಡಬೇಕು. ಎರಡಕ್ಕೂ ಒಂದೇ ಮದ್ದು ಎಂದು ಇದ್ದಲು ಹೆಚ್ಚಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಸಮತೋಲನದ ಇನ್ನೊಂದು ಮುಖವೂ ಅದೇ ಭಟ್ಟಿಯಲ್ಲಿದೆ. ಬೆಂದ ಸುಣ್ಣ ಆರುತ್ತ 900ಕ್ಕಿಂತ ಕೆಳಗೆ ಬಂದಾಗ ಸುತ್ತ ದಟ್ಟ ಅನಿಲ ಇದ್ದರೆ ಅದು ವಾಪಸ್ ಅನಿಲ ಹೀರಿ ಮೇಲ್ಮೈ ಮತ್ತೆ ಕಲ್ಲಾಗುತ್ತದೆ. ಆದ್ದರಿಂದ ಆರುವ ಸುಣ್ಣದ ಮೇಲೆ ಕೆಳಗಿನಿಂದ ಹೊಸ ಗಾಳಿ ಬರುತ್ತಿರಬೇಕು.

ವಿಜಯಪುರದ ಗೋಳಗುಮ್ಮಟದ ಗಾರೆಯಲ್ಲಿ ಕ್ರಿಯೆ ಹಿಂದಕ್ಕೆ ನಡೆದಿದೆ. ಅರಳಿದ ಸುಣ್ಣ ಗಾಳಿಯಿಂದ ಅನಿಲ ಹೀರಿ ಮತ್ತೆ ಕಾರ್ಬೊನೇಟ್ ಆಗುವುದೇ ಗಾರೆ ಬಲಿಯುವುದು. ನಮ್ಮ ಗಾಳಿಯಲ್ಲಿ ಆ ಅನಿಲ 10,000 ಭಾಗಕ್ಕೆ ನಾಲ್ಕು ಭಾಗ ಮಾತ್ರ. ಆದರೂ ಸಾಮಾನ್ಯ ಉಷ್ಣತೆಯಲ್ಲಿ ಸಮತೋಲನಕ್ಕೆ ಬೇಕಾದ ಒತ್ತಡ ಇದಕ್ಕಿಂತ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರುವುದರಿಂದ ಸಮತೋಲನ ಪೂರ್ತಿ ಕಲ್ಲಿನ ಕಡೆಗೇ ವಾಲುತ್ತದೆ. ಹಾಗಾದರೆ ಗೋಡೆ ಒಂದೇ ದಿನಕ್ಕೆ ಬಲಿಯಬೇಕಲ್ಲ? ಇಲ್ಲಿ ತತ್ವ ಸುಮ್ಮನಾಗುತ್ತದೆ. ಅದು ದಿಕ್ಕು ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ಅನಿಲ ಗಾರೆಯೊಳಗೆ ನುಗ್ಗುವುದು ನಿಧಾನ. ಗಾರೆ ಪೂರ್ತಿ ಒಣಗಿದರೆ ಕ್ರಿಯೆಗೆ ನೀರಿಲ್ಲ. ಪೂರ್ತಿ ತೊಯ್ದಿದ್ದರೆ ರಂಧ್ರಗಳಲ್ಲಿ ನೀರು ತುಂಬಿ ಅನಿಲಕ್ಕೆ ದಾರಿ ಇಲ್ಲ. ಆದ್ದರಿಂದ ಸುಣ್ಣದ ಗಿಲಾಯಿಯನ್ನು ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬಿಡಬಾರದು, ತೊಯ್ದ ಗೋಣಿತಟ್ಟು ಇಳಿಬಿಟ್ಟು ಹಸಿ-ಆರು ಮಾಡುತ್ತಿರಬೇಕು. ಗಾರೆಗೆ ಬೆಲ್ಲದ ನೀರು ಹಾಕುವ ಹಳೆಯ ಪದ್ಧತಿಯಲ್ಲೂ ಇದೇ ತತ್ವ ಇದೆ: ಸಕ್ಕರೆ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಸುಣ್ಣ ಇನ್ನಷ್ಟು ಕರಗುತ್ತದೆ.

ಸುಣ್ಣದಿಂದ ಮಾಡುವ ಅತ್ಯಂತ ಅಗ್ಗದ ಪ್ರಯೋಗವೊಂದಿದೆ, ಆದರೂ ಬಹಳ ಕಾಲೇಜುಗಳಲ್ಲಿ ಮಾಡಿಸುವುದಿಲ್ಲ. ಎಲೆ-ಅಡಿಕೆಯ ಸುಣ್ಣ ಒಂದು ಚಮಚ ತೆಗೆದು ಒಂದು ಲೀಟರ್ ನೀರಿನ ಬಾಟಲಿಗೆ ಹಾಕಿ, ಚೆನ್ನಾಗಿ ಅಲುಗಿಸಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಸೋಸಿಕೊಳ್ಳಿ. ಪ್ರಣಾಳದಲ್ಲಿ ಸ್ವಲ್ಪ ತೆಗೆದುಕೊಂಡು ಕಾಯಿಸಿದರೆ, ಕುದಿಯುವ ಮೊದಲೇ ತಿಳಿನೀರು ಮಸುಕಾಗುತ್ತದೆ. ಸಕ್ಕರೆ, ಉಪ್ಪು ಬಿಸಿಯಲ್ಲಿ ಹೆಚ್ಚು ಕರಗುವುದನ್ನು ನೋಡಿದ ಹುಡುಗರಿಗೆ ಇದು ಅಚ್ಚರಿ. ಸುಣ್ಣ ಕರಗುವಾಗ ಶಾಖ ಬಿಡುತ್ತದೆ. ನಾವು ಶಾಖ ಕೊಟ್ಟರೆ ಸಮತೋಲನ ಕರಗದ ಕಡೆಗೆ ಸರಿಯುತ್ತದೆ. ಲೀಟರಿಗೆ 20 ಡಿಗ್ರಿಯಲ್ಲಿ ಸುಮಾರು 1.7 ಗ್ರಾಂ ಕರಗುವುದು 100 ಡಿಗ್ರಿಯಲ್ಲಿ ಸುಮಾರು 0.7 ಗ್ರಾಂ ಮಾತ್ರ. ತಣ್ಣಗೆ ಮಾಡಿ ಅಲುಗಿಸುತ್ತಿದ್ದರೆ ಮೆಲ್ಲಗೆ ಮತ್ತೆ ತಿಳಿಯಾಗಬೇಕು. ತಿಳಿಯಾಗದಿದ್ದರೆ ಗಾಳಿಯ ಅನಿಲ ಸೇರಿ ಕಾರ್ಬೊನೇಟ್ ಆಗಿದೆ ಎಂದರ್ಥ. ಹೊಸ ತಿಳಿಯಿಂದ, ಪ್ರಣಾಳದ ಬಾಯಿಗೆ ಸಡಿಲವಾಗಿ ಹತ್ತಿ ಇಟ್ಟು ಮತ್ತೆ ಮಾಡಿ. ಸುಣ್ಣದ ನೀರು ಕುದಿಸಿದಾಗ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಬೋರ್ ನೀರಿನ ಪಾತ್ರೆಯಲ್ಲಿ, ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಹೆಪ್ಪೂ ಇದರ ಸೋದರ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಕಾರ್ಬೊನೇಟ್ ಆಗುವಾಗ ಅನಿಲ ಬಿಡುತ್ತದೆ. ಕುದಿಸಿ ಅನಿಲ ಓಡಿಸಿದರೆ ಕ್ರಿಯೆ ಮುಂದಕ್ಕೆ ಸರಿದು ಹೆಪ್ಪು ಕಟ್ಟುತ್ತದೆ. ಇಂಡಿ ಕಡೆಯ ಎರಡು ಲಿಂಬೆ ಹಿಂಡಿ ಬಿಸಿನೀರಿನಲ್ಲಿ ಒಂದು ತಾಸು ಬಿಟ್ಟರೆ ಆಮ್ಲ ಕಾರ್ಬೊನೇಟನ್ನು ಕಿತ್ತುಕೊಂಡು ಹೆಪ್ಪು ಕರಗುತ್ತದೆ. ಕರಗದೆ ಉಳಿದರೆ ಅದರಲ್ಲಿ ಸಲ್ಫೇಟ್ ಇರಬಹುದು, ಅದಕ್ಕೆ ಲಿಂಬೆ ಸಾಲದು.

ಇನ್ನು ಕಾಲೇಜಿನ ಪ್ರಯೋಗ, ಫೆರಿಕ್ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಥಯೋಸಯನೇಟ್ ಬೆರೆಸಿ ಕೆಂಪು ಬಣ್ಣ ತರುವುದು. ಬಹಳ ಕಡೆ ಇದು ಕೆಡುವುದು ಅಳತೆಯಲ್ಲಿ. ಎರಡನ್ನೂ 100 ಮಿಲಿಲೀಟರ್ ನೀರಿಗೆ 0.1 ಗ್ರಾಂನಂತೆ ಬೇರೆ ಬೇರೆ ಕರಗಿಸಿ, 20 ಮಿಲಿಲೀಟರ್‌ನಂತೆ ಬೆರೆಸಿ. ಫೆರಿಕ್ ಕ್ಲೋರೈಡ್‌ಗೆ ನಾಲ್ಕೈದು ಹನಿ ದುರ್ಬಲ ನೈಟ್ರಿಕ್ ಆಮ್ಲ ಹಾಕಿಟ್ಟುಕೊಳ್ಳಿ, ಇಲ್ಲದಿದ್ದರೆ ಅದು ನೀರಿನೊಂದಿಗೆ ಕ್ರಿಯೆ ನಡೆಸಿ ಕಂದು ತಿರುಗಿ ಬಣ್ಣ ನೋಡುವುದು ಕಷ್ಟ. ಆಮೇಲೆ ಸೇರಿಸಲು ಇದಕ್ಕಿಂತ ಹತ್ತು ಪಟ್ಟು ಗಟ್ಟಿ ದ್ರಾವಣಗಳನ್ನು ಬೇರೆ ಇಟ್ಟುಕೊಳ್ಳಬೇಕು. ಐದು ಪ್ರಣಾಳಗಳಿಗೆ 5 ಮಿಲಿಲೀಟರ್‌ನಂತೆ ಕೆಂಪು ದ್ರಾವಣ ಹಾಕಿ. ಮೊದಲನೆಯದಕ್ಕೆ 1 ಮಿಲಿಲೀಟರ್ ನೀರು, ಎರಡನೆಯದಕ್ಕೆ ಅಷ್ಟೇ ಗಟ್ಟಿ ಫೆರಿಕ್ ಕ್ಲೋರೈಡ್, ಮೂರನೆಯದಕ್ಕೆ ಗಟ್ಟಿ ಥಯೋಸಯನೇಟ್, ನಾಲ್ಕನೆಯದಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ. ಎರಡು ಮತ್ತು ಮೂರು ಕೆಂಪೇರುತ್ತವೆ. ನಾಲ್ಕನೆಯದರಲ್ಲಿ ಆಕ್ಸಲೇಟ್ ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಬಣ್ಣ ಇಳಿಯುತ್ತದೆ. ಐದನೆಯದನ್ನು ಬಿಸಿನೀರಿನಲ್ಲಿ ಇಟ್ಟರೆ ಮಸುಕು, ಮಂಜುಗಡ್ಡೆಯಲ್ಲಿ ಇಟ್ಟರೆ ಗಾಢ; ಆದ್ದರಿಂದ ಇದು ಶಾಖ ಬಿಡುವ ಕ್ರಿಯೆ.

ನೀರು ಹಾಕಿದ ಮೊದಲ ಪ್ರಣಾಳವನ್ನು ಬಿಟ್ಟುಬಿಡುವುದೇ ದೊಡ್ಡ ತಪ್ಪು. ಯಾವ ದ್ರಾವಣ ಸೇರಿಸಿದರೂ ತೆಳುವಾಗಿ ಬಣ್ಣ ಸ್ವಲ್ಪ ಇಳಿಯುತ್ತದೆ. ಅಷ್ಟೇ ನೀರು ಹಾಕಿದ ಪ್ರಣಾಳದ ಪಕ್ಕ ಹಿಡಿದು, ಅಡಿಗೆ ಬಿಳಿ ಕಾಗದ ಇಟ್ಟು, ಮೇಲಿನಿಂದ ಕೆಳಗೆ ನೋಡಿದರೆ ಮಾತ್ರ ಸಮತೋಲನ ಸರಿದದ್ದು ಯಾವುದು, ತೆಳುವಾದದ್ದು ಯಾವುದು ಎಂದು ಬೇರ್ಪಡಿಸಬಹುದು.

ಉತ್ತರ ಪತ್ರಿಕೆಗಳಲ್ಲಿ ಕಾಣುವ ತಪ್ಪುಗಳೂ ಭಟ್ಟಿಯ ಎದುರು ನಿಂತರೆ ತಾನಾಗಿ ಬಿಡುತ್ತವೆ. ಕಲ್ಲಿನ ಪ್ರಮಾಣ ಎರಡು ಪಟ್ಟಾದರೆ ಅನಿಲದ ಸಮತೋಲನ ಒತ್ತಡ ಹೆಚ್ಚುತ್ತದೆಯೇ? ಇಲ್ಲ. ವೇಗವರ್ಧಕ ಹಾಕಿದರೆ ಉತ್ಪನ್ನ ಹೆಚ್ಚುತ್ತದೆಯೇ? ಇಲ್ಲ, ಎರಡೂ ದಿಕ್ಕಿಗೆ ವೇಗ ಒಂದೇ ಪಟ್ಟು ಏರುತ್ತದೆ, ಬೇಗ ತಲುಪುತ್ತೇವೆ ಅಷ್ಟೇ. ಗಾತ್ರ ಬದಲಿಸದೆ ಆರ್ಗಾನ್ ತುಂಬಿ ಒಟ್ಟು ಒತ್ತಡ ಏರಿಸಿದರೆ? ಆದರ್ಶ ಅನಿಲಗಳಲ್ಲಿ ಏನೂ ಸರಿಯುವುದಿಲ್ಲ, ಕ್ರಿಯೆಯ ಅನಿಲಗಳ ಪಾಲಿನ ಒತ್ತಡ ಇದ್ದ ಹಾಗೇ ಇದೆಯಲ್ಲ. ಸಮತೋಲನ ಸ್ಥಿರಾಂಕ ಬದಲಾಗುವುದು ಉಷ್ಣತೆಯಿಂದ ಮಾತ್ರ. ಸಾರತೆ, ಒತ್ತಡ ಬದಲಿಸಿದಾಗ ಸ್ಥಿರಾಂಕ ಅಲ್ಲೇ ಇದ್ದು ಮಿಶ್ರಣ ಅದರ ಕಡೆಗೆ ಹೊಂದಿಕೊಳ್ಳುತ್ತದೆ.

ಅಮೋನಿಯಾದಲ್ಲಿ ಒಂದು ಬಿಗಿ ಉದಾಹರಣೆ ಇದೆ, ಕಲಿಸುವವರು ತಪ್ಪದೆ ಲೆಕ್ಕ ಹಾಕಿ ನೋಡಬೇಕು. ಒಂದು ಸಾರಜನಕ, ಮೂರು ಜಲಜನಕ, ಎರಡು ಅಮೋನಿಯಾ. ಒತ್ತಡ ಬದಲಾಗದಂತೆ, ಮಿಶ್ರಣದಲ್ಲಿ ಸಾರಜನಕ ಅರ್ಧಕ್ಕಿಂತ ಹೆಚ್ಚಿರುವಾಗ ಇನ್ನಷ್ಟು ಸಾರಜನಕ ಹಾಕಿದರೆ ಅಮೋನಿಯಾ ಕಡಿಮೆಯಾಗುತ್ತದೆ! ಒಟ್ಟು 100 ಮೋಲ್‌ನಲ್ಲಿ 60 ಸಾರಜನಕ ಇದೆ ಎನ್ನಿ, 10 ಸೇರಿಸಿ. ಕ್ರಿಯಾ ಅನುಪಾತದಲ್ಲಿ (ಉತ್ಪನ್ನ ಮತ್ತು ಮೂಲ ಪದಾರ್ಥಗಳ ಈಗಿನ ಪಾಲಿನ ಲೆಕ್ಕ, ಸಮತೋಲನದಲ್ಲಿ ಇದು ಸ್ಥಿರಾಂಕಕ್ಕೆ ಸಮ) ಒಟ್ಟು ಮೋಲ್‌ಗಳ ವರ್ಗ 1.21 ಪಟ್ಟು ಏರುತ್ತದೆ, ಸಾರಜನಕ ಹೆಚ್ಚಿದ್ದರಿಂದ ಅದು 60/70 ಪಟ್ಟಿಗೆ, ಅಂದರೆ 0.857 ಪಟ್ಟಿಗೆ ಇಳಿಯುತ್ತದೆ. ಗುಣಿಸಿದರೆ 1.037. ಅನುಪಾತ ಸ್ಥಿರಾಂಕವನ್ನು ದಾಟಿತು, ಕ್ರಿಯೆ ಹಿಂದಕ್ಕೆ. ಗಾತ್ರ ಹಿಗ್ಗಿ ಉಳಿದ ಅನಿಲಗಳು ತೆಳುವಾದದ್ದೇ ಕಾರಣ. ಯಾವುದನ್ನು ಬದಲಿಸಿದೆವು, ಯಾವುದನ್ನು ಸ್ಥಿರ ಹಿಡಿದೆವು ಎಂದು ಮೊದಲು ಬರೆದುಕೊಳ್ಳದೆ ಈ ತತ್ವವನ್ನು ಬಳಸಬಾರದು ಎನ್ನುವುದು ಇದಕ್ಕಾಗಿಯೇ.

ಲೆ ಶಾಟೆಲಿಯೆ ಅವರೇ 1901ರಲ್ಲಿ ಅಮೋನಿಯಾ ತಯಾರಿಕೆಗೆ ಕೈ ಹಾಕಿದ್ದರು. ನಾಲ್ಕು ಪಾಲು ಅನಿಲ ಎರಡು ಪಾಲಾಗುವುದರಿಂದ ಹೆಚ್ಚು ಒತ್ತಡ ಬೇಕು ಎಂಬ ಅವರ ಲೆಕ್ಕ ಸರಿಯಿತ್ತು. ಆದರೆ ಉಪಕರಣದಲ್ಲಿ ಗಾಳಿ ಸೇರಿ ಸ್ಫೋಟವಾಯಿತು, ಸಹಾಯಕರೊಬ್ಬರು ಸ್ವಲ್ಪದರಲ್ಲಿ ಪಾರಾದರು. ಅವರು ಕೆಲಸ ಕೈಬಿಟ್ಟರು. 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹಾಬರ್ ಅದನ್ನು ಸಾಧಿಸಿದರು, 1913ರಲ್ಲಿ ಜರ್ಮನಿಯ ಓಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಕೈಬಿಟ್ಟದ್ದು ತಮ್ಮ ವೈಜ್ಞಾನಿಕ ಬದುಕಿನ ಅತಿ ದೊಡ್ಡ ತಪ್ಪು ಎಂದು ಅವರು ಕೊನೆಗಾಲದಲ್ಲಿ ಬಾಯಿಬಿಟ್ಟು ಹೇಳಿಕೊಂಡರು. ಅಷ್ಟು ದೊಡ್ಡವರು ಅಷ್ಟು ನೇರವಾಗಿ ಒಪ್ಪಿಕೊಂಡದ್ದು ಅವರ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ.

ಈಗ ಆ ಹಿತ್ತಾಳೆ ಅಚ್ಚಿಗೆ ಬರೋಣ. ಸಿಮೆಂಟ್ ಕ್ಲಿಂಕರಿನಲ್ಲಿ, ಅಂದರೆ ಪುಡಿ ಮಾಡುವ ಮೊದಲಿನ ಸುಟ್ಟ ಗಂಟುಗಳಲ್ಲಿ, ಬಲ ಕೊಡುವ ಮುಖ್ಯ ಪದಾರ್ಥ ಟ್ರೈಕ್ಯಾಲ್ಸಿಯಂ ಸಿಲಿಕೇಟ್. ಇದು ಸ್ಥಿರವಾಗಿರುವುದು ಸುಮಾರು 1250 ಡಿಗ್ರಿಗಿಂತ ಮೇಲೆ. ಗೂಡಿನಲ್ಲಿ 1450ರ ಸುಮಾರಿಗೆ ಹುಟ್ಟಿದ ಕ್ಲಿಂಕರನ್ನು ನಿಧಾನವಾಗಿ ಆರಿಸಿದರೆ ಸಮತೋಲನ ಹಿಂದೆ ಸರಿದು ಡೈಕ್ಯಾಲ್ಸಿಯಂ ಸಿಲಿಕೇಟ್ ಮತ್ತು ಬಿಡಿ ಸುಣ್ಣವಾಗಿ ಒಡೆಯುತ್ತದೆ. ಅದಕ್ಕೇ ಕೂಲರಿನಲ್ಲಿ ತಣ್ಣನೆ ಗಾಳಿ ರಭಸದಿಂದ ಊದಿ, ಸರಿಯಲು ಹೊತ್ತೇ ಕೊಡದೆ ಆರಿಸುತ್ತಾರೆ. ಇಷ್ಟಾದರೂ ಬಿಡಿ ಸುಣ್ಣ ಉಳಿದರೆ, ಅಷ್ಟು ಶಾಖಕ್ಕೆ ಸತ್ತ ಆ ಸುಣ್ಣ ಗೋಡೆ ಗಟ್ಟಿಯಾದ ಮೇಲೆ ಮೆಲ್ಲಗೆ ಅರಳಿ ಹಿಗ್ಗಿ ಬಿರುಕು ಬಿಡಿಸುತ್ತದೆ. ತಿಂಗಳುಗಟ್ಟಲೆ ಕಾಯದೆ ಅದನ್ನು ಕುದಿಸಿ ಒಂದೆರಡು ದಿನದಲ್ಲಿ ಹಿಡಿಯುವುದು ಈ ಅಚ್ಚಿನ ಕೆಲಸ.

ಮೊದಲು ಅಚ್ಚನ್ನೇ ಪರೀಕ್ಷಿಸಿ: 300 ಗ್ರಾಂ ತೂಕ ತೂಗುಬಿಟ್ಟರೆ ಕಡ್ಡಿಗಳ ತುದಿ 15ರಿಂದ 20 ಮಿಲಿಮೀಟರ್ ಅಗಲಬೇಕು. ಹೆಚ್ಚು ಅಗಲಿದರೆ ಹಿತ್ತಾಳೆ ಸೋತಿದೆ. 100 ಗ್ರಾಂ ಸಿಮೆಂಟಿಗೆ, ಪ್ರಮಾಣಿತ ಗಾಢತೆಗೆ (ಕಲಸಿದ ಸಿಮೆಂಟ್ ನಿಗದಿತ ಹದಕ್ಕೆ ಬರಲು) ಬೇಕಾಗುವ ನೀರಿನ 0.78 ಪಟ್ಟು ನೀರು. ಗಾಢತೆ 28 ಶೇಕಡಾ ಇದ್ದರೆ 21.8 ಮಿಲಿಲೀಟರ್. ಗಾಜಿನ ಹಲಗೆಗೂ ಅಚ್ಚಿಗೂ ತೆಳುವಾಗಿ ಎಣ್ಣೆ ಸವರಿ, ಸೀಳಿನ ಅಂಚುಗಳನ್ನು ಬೆರಳಿನಿಂದ ಮೆಲ್ಲಗೆ ಕೂಡಿಸಿ ಹಿಡಿದು ತುಂಬಿ, ಮೇಲೊಂದು ಗಾಜು, ಅದರ ಮೇಲೆ ಸಣ್ಣ ತೂಕ ಇಡಿ. 27 ಡಿಗ್ರಿ ನೀರಿನಲ್ಲಿ 24 ತಾಸು. ನಮ್ಮ ಬೇಸಿಗೆಯಲ್ಲಿ ತೊಟ್ಟಿಯ ನೀರು ಇದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಥರ್ಮಾಮೀಟರ್ ಇಡದೆ ನಂಬಬೇಡಿ. ತೆಗೆದು ತುದಿಗಳ ಅಂತರ ಅಳೆಯಿರಿ. ಮತ್ತೆ ಮುಳುಗಿಸಿ 25ರಿಂದ 30 ನಿಮಿಷದಲ್ಲಿ ಕುದಿಗೆ ತಂದು, ಮೂರು ತಾಸು ಕುದಿಸಿ. ನೀರು ಇಂಗಿ ಅಚ್ಚು ಬಯಲಾದರೆ ಪರೀಕ್ಷೆ ವ್ಯರ್ಥ, ಆಗಾಗ ಕುದಿನೀರನ್ನೇ ಸೇರಿಸಬೇಕು. ಆರಿದ ಮೇಲೆ ಮತ್ತೆ ಅಳೆಯಿರಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಎರಡು ಅಳತೆಗಳ ವ್ಯತ್ಯಾಸ 10 ಮಿಲಿಮೀಟರ್ ಮೀರಬಾರದು.

ಒಂದು ಮಾತು ನಮ್ಮ ನೆಲಕ್ಕೆ ಮುಖ್ಯ. ಈ ಕುದಿಸುವ ಪರೀಕ್ಷೆ ಹಿಡಿಯುವುದು ಬಿಡಿ ಸುಣ್ಣವನ್ನು ಮಾತ್ರ. ಕಲಾದಗಿ ಶಿಲಾಸ್ತರದಲ್ಲಿ ಸುಣ್ಣಕಲ್ಲಿನ ಜೊತೆ ಮೆಗ್ನೀಷಿಯಂ ಇರುವ ಡಾಲಮೈಟ್ ಕಲ್ಲೂ ಇದೆ, ಅದರಿಂದ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಬರುತ್ತದೆ. ಗೂಡಿನ ಶಾಖದಲ್ಲಿ ಸುಟ್ಟ ಮೆಗ್ನೀಷಿಯಾ ಸುಣ್ಣಕ್ಕಿಂತಲೂ ನಿಧಾನವಾಗಿ ಅರಳುತ್ತದೆ, ಮೂರು ತಾಸಿನ ಕುದಿಗೆ ಜಗ್ಗುವುದಿಲ್ಲ. ಕಲ್ಲಿನಲ್ಲಿ ಮೆಗ್ನೀಷಿಯಾ ಹೆಚ್ಚಿರುವ ಅನುಮಾನವಿದ್ದರೆ ಅಚ್ಚಿನ ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ ಹೆಚ್ಚು ಒತ್ತಡದ ಉಗಿಯಲ್ಲಿ ಬೇಯಿಸುವ ಆಟೋಕ್ಲೇವ್ ಪರೀಕ್ಷೆಯನ್ನೂ ಮಾಡಿಸಿ.